ಕೊಸರಿಗೆ ಬಂದ ಮೈಕು

ಗಜೇಂದ್ರಗಡದ ನಮ್ಮ ಮನೆಯಲ್ಲಿ ಆಗ ನಾಲ್ಕು ಕಡೆಯಿಂದ ನಾಲ್ಕು ಸದ್ದು ಒಟ್ಟಿಗೇ ಏಳುತ್ತಿದ್ದವು. ಅವ್ವನ ಖೋಲಿಯಲ್ಲಿ ಟೇಪ್ ರೆಕಾರ್ಡರಿನ ಭಜನೆ. ತಮ್ಮನ ಖೋಲಿಯಲ್ಲಿ ಹಳೆಯ ಸಿನಿಮಾ ಹಾಡು. ಅಡಿಗೆಮನೆಯಲ್ಲಿ ನನ್ನ ಹೆಂಡತಿ ಮತ್ತು ತಮ್ಮನ ಹೆಂಡತಿ ಸೇರಿ ಹಚ್ಚಿದ ಹೊಸ ಸಿನಿಮಾ ಹಾಡು. ನನ್ನ ಖೋಲಿಯಲ್ಲಿ ಪೇಟೆ ಧಾರಣೆ ಹೇಳುವ ರೇಡಿಯೊ. ನಾಲ್ಕೂ ಬಾಗಿಲು ತೆರೆಯುವುದು ಒಂದೇ ಅಂಗಳಕ್ಕೆ. ಒಬ್ಬರು ದನಿ ಏರಿಸಿದರೆ ಉಳಿದ ಮೂವರೂ ಏರಿಸಬೇಕು. ಸಂಜೆ ಹೊತ್ತಿಗೆ ನಮ್ಮ ಅಂಗಳದಲ್ಲಿ ನಿಂತವನಿಗೆ ಮೆಣಸಿನಕಾಯಿಯ ದರವನ್ನು ತಾಳ ಹಾಕಿ ಹಾಡಿದಂತೆ ಕೇಳಿಸುತ್ತಿತ್ತು.

ಹೀಗಿರುವಾಗ ಒಂದು ದಿನ ಊಟಕ್ಕೆ ಕೂತಲ್ಲಿ ತಮ್ಮ ಹೇಳಿದ. “ಅಣ್ಣ, ಈ ಗದ್ದಲದಾಗ ಬಾಳೇ ಮಾಡಾಕ ಆಗೂದಿಲ್ಲ. ಅಂಗಳದ ನಡುವ ಒಂದು ಗ್ವಾಡಿ ಹಾಕ್ಕೊಳ್ಳೂಣು. ನೀ ಆ ಕಡೆ, ನಾ ಈ ಕಡೆ.”

ನಮ್ಮ ಕಡೆ ಅಂಗಳದಲ್ಲಿ ಗೋಡೆ ಎದ್ದಿತೆಂದರೆ ಅದರ ಹಿಂದೆಯೇ ಎರಡನೆಯ ಒಲೆ ಬರುತ್ತದೆ. ಎರಡು ಒಲೆ ಹೊತ್ತಿದ ಮೇಲೆ ಹೆತ್ತವಳು ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಅವ್ವ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. “ಗ್ವಾಡಿ ಆದ ಮ್ಯಾಲ ನನ್ನ ತಾಟು ಯಾವ ಕಡೆ ಇಡ್ತೀರಿ? ಅದನ್ನೊಂದು ಈಗ ಹೇಳಿಬಿಡ್ರಿ,” ಅಂದಳು. ಅವಳ ರೊಟ್ಟಿ ಹಾಗೇ ಉಳಿಯಿತು.

ನಾನು ಸೈಕಲ್ಲಿಗೆ ಬುಟ್ಟಿ ಕಟ್ಟಿ ರಾಜೂರ, ಮೆಣಸಗಿ ಎಂದು ಊರೂರು ತಿರುಗಿ, ಹಳೆ ಹಿತ್ತಾಳೆ ತೆಗೆದುಕೊಂಡು ಹೊಸ ಸ್ಟೀಲಿನ ಪಾತ್ರೆ ಕೊಟ್ಟು ಮೇಲೆ ಬಂದವನು. ಈಗ ಬಜಾರದಲ್ಲಿ ನನ್ನದೂ ತಮ್ಮನದೂ ಕೂಡಿ ಪಾತ್ರೆ ಅಂಗಡಿ ಇದೆ. ಜಗತ್ತಿನಲ್ಲಿ ಚೌಕಾಶಿಗೆ ಬಗ್ಗದ ತೊಂದರೆ ಇಲ್ಲ ಎಂಬುದು ನನ್ನ ನಂಬಿಕೆ. ತಮ್ಮ ‘ಗದ್ದಲ’ ಅಂದನಲ್ಲ, ಗದ್ದಲ ತೆಗೆದರೆ ಗೋಡೆಯ ಮಾತೂ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಯಾವ ಗದ್ದಲ ಎಂದು ಅವನನ್ನು ಕೇಳುವ ಬುದ್ಧಿ ಬರಲಿಲ್ಲ.

ನನ್ನ ಯೋಜನೆ ಹೀಗಿತ್ತು. ಒಂದು ಕಂಪ್ಯೂಟರು. ಎಲ್ಲರ ಹಾಡೂ ಅದರ ಹೊಟ್ಟೆಯಲ್ಲಿ; ಧಾರಣೆಯನ್ನು ಅಂಗಡಿಯಲ್ಲೇ ಕೇಳಿಕೊಂಡು, ಮನೆಯಲ್ಲಿ ನನಗೂ ಹಾಡೇ. ಅಲ್ಲಿಂದ ನಾಲ್ಕು ಖೋಲಿಗೆ ನಾಲ್ಕು ತಂತಿ, ತಂತಿಯ ತುದಿಗೊಂದು ಸ್ಪೀಕರು. ಅವರವರ ಹಾಡು ಅವರವರ ತಲೆದಿಂಬಿನ ಹತ್ತಿರ, ಮೆಲ್ಲಗೆ. ಯಾರೂ ಯಾರ ಮೇಲೂ ದನಿ ಏರಿಸಬೇಕಾಗಿಲ್ಲ. ಹಾಡಿನ ಎಂಪಿತ್ರೀ ಸೀಡಿಗಳು ಆಗ ಸಂತೆಯಲ್ಲಿ ಬದನೆಕಾಯಿಯ ಪಕ್ಕದಲ್ಲೇ ಸಿಗುತ್ತಿದ್ದವು.

ರೋಣದಲ್ಲಿ ಒಂದು ಕಂಪ್ಯೂಟರ್ ಕ್ಲಾಸು ಮುಚ್ಚುತ್ತಿತ್ತು. ಅಲ್ಲಿಂದ ಕಂಪ್ಯೂಟರು ಎತ್ತಿಕೊಂಡು ಬಂದೆ. ಅದನ್ನು ಮಾರಿದ ಮಾಸ್ತರರು ಒಳ್ಳೆಯ ಮಾತು ಹೇಳಿದ್ದರು: “ನಾಕ ಖೋಲಿಗೆ ನಾಕ ಸೌಂಡ್ ಕಾರ್ಡ್ ಬೇಕಾಗ್ತಾವ ನೋಡ್ರಿ. ಇದರಾಗ ಒಂದ ಐತಿ.” ಮಾರುವವನು ‘ಬೇಕಾಗ್ತಾವ’ ಅಂದರೆ ನನಗೆ ಮೈ ಉರಿಯುತ್ತದೆ. ಕಾರ್ಡನ್ನು ತಿರುಗಿಸಿ ನೋಡಿದೆ. ಒಂದೊಂದು ಕಾರ್ಡಿನಿಂದ ಎಡಕ್ಕೊಂದು, ಬಲಕ್ಕೊಂದು ಸದ್ದು ಹೊರಡುತ್ತದೆ. ಎಡದ್ದು ಒಂದು ಖೋಲಿಗೆ, ಬಲದ್ದು ಇನ್ನೊಂದು ಖೋಲಿಗೆ ಕೊಟ್ಟರೆ ಎರಡು ಕಾರ್ಡಿನಲ್ಲಿ ನಾಲ್ಕು ಖೋಲಿ ಮುಗಿಯಿತು! ಇನ್ನೊಂದೇ ಕಾರ್ಡು ಕೊಂಡು, ಮಾಸ್ತರರ ಮುಖ ನೋಡಿ ನಕ್ಕು ಬಂದೆ.

ಆಂಪ್ಲಿಫೈಯರು, ಸ್ಪೀಕರು ಸಿಕ್ಕದ್ದು ನರಗುಂದದಲ್ಲಿ, ಮದುವೆ ಮುಂಜಿವೆಗೆ ಮೈಕ್‌ಸೆಟ್ ಬಾಡಿಗೆ ಕೊಡುವವರ ಹತ್ತಿರ. ಬೆಳಿಗ್ಗೆ ಕೂತವನು ಮಧ್ಯಾಹ್ನ ಎದ್ದೆ.

“ಸಾವ್ಕಾರ್ರ, ಇನ್ನ ಕೆಳಗ ಇಳದ್ರ ಈ ಅಂಗಡಿ ನಿಮ್ಮ ಹೆಸರಿಗೆ ಬರದಕೊಟ್ಟು ನಾ ಮನಿಗೆ ಹೋಗಬೇಕಾಗ್ತೈತಿ,” ಅಂದರು ಅವರು.

“ಆತು, ರೇಟ್ ಇಳಿಸಬ್ಯಾಡ್ರಿ. ಕೊಸರಿಗೆ ಏನರ ಕೊಡ್ರಿ.”

“ತಂತಿ ಕೊಟ್ಟೀನಿ. ಎರಡ ಸಲ ಚಾ ಕುಡಿಸೀನಿ. ಇನ್ನೇನ, ಅಂಗಿ ಬಿಚ್ಚಿ ಕೊಡ್ಲ್ಯಾ?”

“ನಿಮ್ಮ ಅಂಗಿ ನನಗ ಬಿಗಿ ಆಗ್ತೈತ್ರಿ. ಆ ಮೈಕ್ ಕೊಡ್ರಿ.”

ಮೈಕು ನನಗೆ ಬೇಕಾಗಿರಲಿಲ್ಲ. ಆದರೆ ಸೊಪ್ಪಾಗಲಿ, ಸ್ಪೀಕರಾಗಲಿ, ತೂಗಿದ ಮೇಲೆ ಒಂದು ಚಿಟಿಕೆ ಮೇಲೆ ಬೀಳದಿದ್ದರೆ ಆ ವ್ಯಾಪಾರ ನನಗೆ ದಕ್ಕುವುದಿಲ್ಲ. ಅವರು ಮೈಕನ್ನು ಕೈಯಲ್ಲಿಟ್ಟು ಕೈ ಮುಗಿದರು. ಅದನ್ನು ಆಗ ಗೌರವ ಅಂದುಕೊಂಡೆ.

ಜಂತಿಯ ಗುಂಟ ತಂತಿ ಎಳೆದು, ಒಂದೊಂದು ಖೋಲಿಯ ಗೋಡೆಗೂಡಿನಲ್ಲಿ, ನಮ್ಮ ಕಡೆಯ ಮಾಡದಲ್ಲಿ, ಒಂದೊಂದು ಸ್ಪೀಕರು ಕೂರಿಸಿದೆ. ಕಂಪ್ಯೂಟರು ನನ್ನ ಖೋಲಿಯಲ್ಲಿ ಕೂತಿತು, ಬೇರೆಲ್ಲಿ ಕೂಡಬೇಕು? ಹಾಡು ಹಚ್ಚುವ ಕಿಟಕಿಯನ್ನು ಪರದೆಯ ಮೇಲೆ ನಾಲ್ಕು ಸಲ ತೆರೆದು, ಒಂದೊಂದನ್ನು ಒಂದೊಂದು ಕಾರ್ಡಿಗೆ ಜೋಡಿಸಿ, ದನಿಯನ್ನು ಪೂರ್ತಿ ಎಡಕ್ಕೆ ಅಥವಾ ಪೂರ್ತಿ ಬಲಕ್ಕೆ ಸರಿಸಿದೆ. ಇಡೀ ಮನೆಯನ್ನು ಅಂಗಳದಲ್ಲಿ ಕೂರಿಸಿ ಅರ್ಧ ತಾಸು ವಿವರಿಸಿದೆ. ಆಮೇಲೆ ಅವರವರ ಖೋಲಿಗೆ ಕಳಿಸಿ ಶುರು ಮಾಡಿದೆ.

ಮೊದಲು ಹೊರಗೆ ಬಂದದ್ದು ಅವ್ವ. “ಏ, ಬರೇ ತಾಳ ಬಡಿಯಾಕತ್ತಾರಲ್ಲೋ! ಹಾಡಾವ ಎದ್ದು ಹ್ವಾದನೇನ?”

ಹಿಂದೆಯೇ ತಮ್ಮ. “ಅಣ್ಣ, ಇಲ್ಲಿ ಗಂಡಸು ಒಬ್ಬನ ಹಾಡಾಕತ್ತಾನ. ಅವ ಕೇಳ್ತಾನ, ಸುಮ್ಮನ ನಿಂದರ್ತಾನ, ಮತ್ತ ಕೇಳ್ತಾನ. ಆಕಿ ಉತ್ತರನ ಕೊಡವಲ್ಲಳು.”

ಅಡಿಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: “ಭಾಳ ದಿನದ ಮ್ಯಾಲ ಒಬ್ಬಾಕಿ ಗಂಡಗ ಉತ್ತರ ಕೊಡೂದ ಬಿಟ್ಟಾಳ. ಬಿಡ್ರಿ ಆಕೀನ್ನ.”

ಆದದ್ದು ಇಷ್ಟೇ. ಹಾಡು ಮಾಡಿದವರು ಗಂಡಿನ ದನಿಯನ್ನು ಎಡಗಿವಿಗೂ ಹೆಣ್ಣಿನ ದನಿಯನ್ನು ಬಲಗಿವಿಗೂ ಹಂಚಿಟ್ಟಿದ್ದರು. ನಾನು ಖೋಲಿಗೆ ಒಂದೇ ಕಿವಿ ಕೊಟ್ಟಿದ್ದೆ. ಉಳಿದರ್ಧ ಹಾಡು ಎಲ್ಲಿಗೂ ಹೋಗದೆ ಕಂಪ್ಯೂಟರಿನಲ್ಲೇ ಸಾಯುತ್ತಿತ್ತು. ಮತ್ತೆ ರೋಣಕ್ಕೆ ಹೋದೆ. ಮಾಸ್ತರರು ಈ ಸಲ ನಕ್ಕರು. “ಇನ್ನೆರಡ ಕಾರ್ಡ್ ತಗೋರಿ, ಇಲ್ಲಾ ಒಂದೊಂದ ಹಾಡಿನ ಎರಡೂ ಕಡೀ ದನೀನ್ನ ಕಲಸಿ ಒಂದ ಮಾಡ್ಕೋತ ಕುಂದರ್ರಿ,” ಅಂದರು. ಎರಡನೆಯದಕ್ಕೆ ಖರ್ಚಿಲ್ಲ ತಾನೆ? ಕೂತೆ. ಮಳೆಗಾಲವಿಡೀ ಹಾಡು ಕಲಸಿದೆ. ಆ ಹೊತ್ತಿನಲ್ಲಿ ಅಂಗಡಿಯ ಗಲ್ಲೆಯ ಮೇಲೆ ಕೂತಿದ್ದರೆ ಕಾರ್ಡು ಹೇರುವ ಗಾಡಿಯನ್ನೇ ಕೊಳ್ಳಬಹುದಿತ್ತು. ಮನೆಗೆ ಹೀಗೆ ತಂತಿ ಎಳೆಸುವವರು ಯಾರಾದರೂ ಇದ್ದರೆ ನನ್ನ ಮಾತು ಕೇಳಿ: ಖೋಲಿಗೊಂದು ಕಾರ್ಡು ಕೊಳ್ಳಿ. ಕೊಳ್ಳುವಾಗ ಜಗಳವಾಡಿ, ಆದರೆ ಕೊಳ್ಳಿ.

ಅಂತೂ ವ್ಯವಸ್ಥೆ ಕೂತಿತು. ಅವ್ವನ ಭಜನೆಗೆ ಹಾಡುವವ ಮರಳಿ ಬಂದ. ತಮ್ಮನ ಖೋಲಿಯಲ್ಲಿ ಹೆಣ್ಣು ಉತ್ತರ ಕೊಟ್ಟಳು. ಕರೆಂಟು ಇದ್ದಷ್ಟು ಹೊತ್ತು ಅಂಗಳದಲ್ಲಿ ಸದ್ದಿಲ್ಲ. ಗೋಡೆಯ ಮಾತನ್ನು ಯಾರೂ ಎತ್ತಲಿಲ್ಲ, ಅವ್ವನ ತಾಟಿನಲ್ಲಿ ರೊಟ್ಟಿ ಉಳಿಯಲಿಲ್ಲ. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು.

ಆದರೆ ಮೈಕಿತ್ತಲ್ಲ. ಬಿಟ್ಟಿ ಬಂದ ಸಾಮಾನು ಸುಮ್ಮನೆ ಬಿದ್ದಿದ್ದರೆ ನನಗೆ ನಿದ್ದೆ ಬಾರದು. ಅದನ್ನೂ ಕಂಪ್ಯೂಟರಿಗೆ ಚುಚ್ಚಿ, ನನ್ನ ದನಿ ನಾಲ್ಕೂ ಕಡೆ ಹೊರಡುವಂತೆ ಮಾಡಿದೆ. ನಾನು ಗುಂಡಿ ಒತ್ತಿದರೆ ಎಲ್ಲರ ಹಾಡೂ ತಗ್ಗಿ ನನ್ನ ಮಾತು ಕೇಳಬೇಕು. ಮೊದಮೊದಲು ಕೆಲಸದ ಮಾತೇ ಇತ್ತು: “ಟಾಕಿ ತುಂಬೇತಿ, ಮೋಟರ್ ಬಂದ್ ಮಾಡ್ರಿ.” ಆಮೇಲೆ, “ಟೊಮ್ಯಾಟಿ ಗಾಡಿ ಬಂದೈತಿ, ನಾ ಬರೂತನಕ ಯಾರೂ ರೇಟ್ ಮಾತಾಡಬ್ಯಾಡ್ರಿ.” ಆಮೇಲೆ ತೊಗರಿಬೇಳೆಯನ್ನು ಹಲ್ಲಿನಲ್ಲಿ ಕಡಿದು ನೋಡುವ ಬಗೆ, ಜೋಳಕ್ಕೆ ಬೇವಿನೆಲೆ ಹಾಕುವ ಬಗೆ. ಯಾರೂ ಎದುರು ಮಾತಾಡುತ್ತಿರಲಿಲ್ಲ. ಮೈಕು ಇದ್ದದ್ದು ನನ್ನೊಬ್ಬನ ಹತ್ತಿರ ಎಂಬುದು ಹೊಳೆಯದೆ, ಎಲ್ಲರೂ ಒಪ್ಪುತ್ತಿದ್ದಾರೆ ಎಂದೇ ತಿಳಿದೆ.

ಒಂದು ದಿನ ತಮ್ಮ ಚಿಕ್ಕನರಗುಂದದ ಗಿರಾಕಿಯೊಬ್ಬರಿಗೆ ಮದುವೆಯ ಪಾತ್ರೆ ಕೊಟ್ಟ. ಕೊಡುವಾಗ ದರದಲ್ಲಿ ಅವರು ಕೇಳಿದ್ದಕ್ಕಿಂತ ಹೆಚ್ಚು ಬಿಟ್ಟುಕೊಟ್ಟ. ಕೇಳಿದ್ದಕ್ಕಿಂತ! ನನಗೆ ತಡೆಯಲಾಗಲಿಲ್ಲ. ಸಂಜೆ ಮನೆಗೆ ಬಂದವನೇ ಗುಂಡಿ ಒತ್ತಿದೆ. ಗಿರಾಕಿ ಎದುರಿಗೆ ಕೂತಾಗ ಮುಖ ಹೇಗಿರಬೇಕು, ಮೊದಲ ಮಾತು ಯಾರು ಆಡಬೇಕು, ಕಡೆಗೆ ಎಲ್ಲಿ ನಿಲ್ಲಬೇಕು, ಇದನ್ನೆಲ್ಲ ಕಲಿಯದವನು ಗಲ್ಲೆಯ ಮೇಲೆ ಕೂಡಬಾರದು ಎಂದು ನಾಲ್ಕೂ ಖೋಲಿಗೆ ಸಮನಾಗಿ ತಿಳಿಸಿದೆ. ಹೆಸರು ಹೇಳಲಿಲ್ಲ. ಮನೆಯಲ್ಲಿ ಗಲ್ಲೆಯ ಮೇಲೆ ಕೂಡುವವರು ಇದ್ದದ್ದೇ ಇಬ್ಬರು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಗೋಡೆ ಕಟ್ಟುವ ಗೌಂಡಿ ನಿಂತಿದ್ದ. ದಾರದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ತಮ್ಮನ ಕೈಯಲ್ಲಿ.

ಅವ್ವ ಹೊಸ್ತಿಲಲ್ಲಿ ಕೂತಿದ್ದಳು. “ಏ ತಮ್ಮ, ಈ ದಾರ ಎಲ್ಲೀತನಕ ಹೊಂಟೈತಿ?” ಎಂದು ಗೌಂಡಿಯನ್ನು ಕೇಳಿದಳು.

“ನೆಟ್ಟಗ ಹಿಡದ್ರ ನಿಮ್ಮ ಖೋಲಿ ನಡುವ ಬರ್ತೈತ್ರಿ ಅವ್ವಾರ.”

“ಹಂಗಾರ ಕಾಲು ಒಬ್ಬರ ಕಡೆ, ತಲಿ ಒಬ್ಬರ ಕಡೆ ಇಟಗೊಂಡು ಮಲಗ್ತೀನಿ ತಗೋ,” ಅಂದಳು. ನಗಲಿಲ್ಲ.

ನಾನು ತಮ್ಮನ ಹತ್ತಿರ ಹೋದೆ. “ಗದ್ದಲ ಹೋಗೇತಲ್ಲೋ. ಇನ್ನ ಯಾಕ ಗ್ವಾಡಿ?”

“ಹಾಡಿನ ಗದ್ದಲಕ್ಕ ಯಾರು ಅಂದ್ರು?” ಅಂದ. “ಮೊದಲ ನೀ ಅಂಗಳದಾಗ ನಿಂತು ಬುದ್ಧಿ ಹೇಳ್ತಿದ್ದಿ. ಬಾಗಲ ಹಾಕ್ಕೊಂಡ್ರ ಕೇಳ್ತಿರಲಿಲ್ಲ. ಈಗ ಬಾಗಲ ಹಾಕ್ಕೊಂಡ್ರೂ ನೀ ಒಳಗ ಇರ್ತೀ. ನಿನ್ನೆ ನನ್ನ ಹೇಣ್ತಿ ಎದುರಿಗೆ, ನನ್ನ ಖೋಲ್ಯಾಗ, ನನ್ನ ಮಾಡದಾಗಿಂದ ನನಗ ಬಯ್ದಿ.”

ಹಿಂದೆ ಅವನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಆಕೆ ನನ್ನ ಮುಖ ನೋಡಲಿಲ್ಲ.

ನನಗೆ ತಿಳಿದದ್ದು ಒಂದೇ ವಿದ್ಯೆ. ಚೌಕಾಶಿಗೆ ಇಳಿದೆ. ಪೂರ್ತಿ ಗೋಡೆ ಬೇಡ, ಎದೆಮಟ್ಟ ಸಾಕು ಅಂದೆ. ಅವನು ದಾರ ಹಿಡಿದು ಸುಮ್ಮನೆ ನಿಂತ. ಆಯಿತು, ನಡುವೆ ಬಾಗಿಲಿಡೋಣ ಅಂದೆ. ಸುಮ್ಮನೆ ನಿಂತ. ಬಾಗಿಲಿಗೆ ಅಗಳಿ ಬೇಡ ಅಂದೆ. ಗೌಂಡಿ ಬೀಡಿ ಹಚ್ಚಿದ. ನಾನು ಮಾತಾಡಿದಷ್ಟೂ ಕೆಳಗೆ ಇಳಿಯುತ್ತಿದ್ದೆ, ಇಳಿಯುತ್ತಿರುವವನು ನಾನೇ ಎಂಬುದು ನನಗೇ ಕೇಳಿಸುತ್ತಿತ್ತು. ಕಡೆಗೆ, “ಮತ್ತೇನ ಮಾಡಂತೀ, ಹೇಳಪಾ,” ಅಂದುಬಿಟ್ಟೆ. ಈ ಮಾತನ್ನು ಗಿರಾಕಿ ಆಡಿದ ಗಳಿಗೆಯೇ ವ್ಯಾಪಾರ ನಮ್ಮದು ಎಂದು ನಾನೇ ಅವನಿಗೆ ಹತ್ತು ಸಲ ಹೇಳಿಕೊಟ್ಟಿದ್ದೆ.

“ನನ್ನ ಖೋಲ್ಯಾಗ ಒಂದು ಸ್ವಿಚ್,” ಅಂದ. “ಸ್ಪೀಕರ್ ತಂತಿಗೆ. ನಾ ಬಂದ್ ಮಾಡಿದ್ರ ಬಂದ್ ಆಗಬೇಕು. ಹಾಡೂ ಬಂದ್, ನೀನೂ ಬಂದ್.”

“ಆತು!” ಅಂದೆ. ಜೀವಮಾನದಲ್ಲಿ ಮೊದಲ ಸಲ, ಕೇಳಿದ ಬೆಲೆಗೆ.

ತಮ್ಮ ದಾರದ ತುದಿಯನ್ನು ಗೌಂಡಿಗೆ ಕೊಟ್ಟು, ಅಂಗಿಯ ಕಿಸೆಗೆ ಕೈ ಹಾಕಿದ. ಕಾಗದದಲ್ಲಿ ಸುತ್ತಿದ ಹೊಸ ಸ್ವಿಚ್ಚು ಹೊರಗೆ ಬಂತು, ಜೊತೆಗೆ ಎರಡು ಸ್ಕ್ರೂ. ಮುಂಚೆಯೇ ತಂದಿಟ್ಟುಕೊಂಡಿದ್ದ. ಗೌಂಡಿ ದಾರವನ್ನು ಬೆರಳಿಗೆ ಸುತ್ತುತ್ತಾ ಬಾಯಿ ಮುಚ್ಚಿಕೊಂಡು ನಕ್ಕ. ಗೋಡೆ ಕೇಳಿ ಸ್ವಿಚ್ಚಿಗೆ ಮುಗಿಸಿದವನನ್ನು ಹಿಂದಿನ ದಿನ ಗಲ್ಲೆಗೆ ಲಾಯಕ್ಕಲ್ಲ ಅಂದಿದ್ದವನು ನಾನು.

ಮಧ್ಯಾಹ್ನದೊಳಗೆ ಸ್ವಿಚ್ಚು ಕೂತಿತು. ತಮ್ಮ ಟಕ್ ಅಂತ ಒತ್ತಿ ನೋಡಿದ. ಅವನ ಖೋಲಿ ಮೌನವಾಯಿತು. ಊಟಕ್ಕೆ ಕೂತಾಗ ಅವ್ವ ಎರಡನೆಯ ರೊಟ್ಟಿ ಹಾಕಿಸಿಕೊಂಡು, ನನ್ನ ಕಡೆ ನೋಡದೆ ಕೇಳಿದಳು: “ಅಂಥಾದ್ದು ನನಗೂ ಒಂದು ತಂದು ಕೊಡ್ತೀಯೇನ?”

“ಅಡಗಿ ಮನಿಗೂ,” ಅಂದಳು ನನ್ನ ಹೆಂಡತಿ, ಸಾರು ಬಡಿಸುತ್ತ.

ನಾನೇ ಹೋಗಿ ತಂದೆ, ನಾನೇ ಕೂರಿಸಿದೆ. ಈಗಲೂ ಒಮ್ಮೊಮ್ಮೆ ಗುಂಡಿ ಒತ್ತಿ ಮಾತಾಡುತ್ತೇನೆ. ಮೂರು ಖೋಲಿಗಳಲ್ಲಿ ಎಷ್ಟು ಸ್ವಿಚ್ಚು ಚಾಲೂ ಇವೆ ಎಂದು ಎದ್ದು ಹೋಗಿ ನೋಡುವುದಿಲ್ಲ.