ಕೆಂಪು ಕಾರಿನ ಜ್ವರ

ಕಾಡಾನೆಗಳು ಕಣ್ಣಿಗೆ ಬೀಳುವಷ್ಟು ಹತ್ತಿರ ನಿಂತಿರುವಾಗ ಕಾರಿನ ಬಾನೆಟ್ ಎತ್ತಬಹುದೇ? ಡ್ರೈವಿಂಗ್ ಸ್ಕೂಲಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಗಡಿಯ ಮುತ್ತಂಗ ಕಾಡಿನ ನಟ್ಟನಡುವೆ ನಮ್ಮ ಹಳೆಯ ಸ್ಪೋರ್ಟ್ಸ್ ಕಾರು ಬುಸ್ಸೆಂದು ಹಬೆ ಬಿಡುತ್ತಾ ನಿಂತಿತ್ತು. ಟೆಂಪರೇಚರ್ ಮುಳ್ಳು ಕೆಂಪು ಗೆರೆ ದಾಟಿತ್ತು. ನನ್ನ ಪಕ್ಕದಲ್ಲಿ ಅತ್ತೆ ಚಿಕ್ಕತಾಯಮ್ಮ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ತಮ್ಮ ಅಕ್ಕನಿಗೆಂದು ಕರಿದ ಹಲಸಿನ ಚಿಪ್ಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಿದಿರಿನ ಮೆಳೆಯಾಚೆ ಆನೆಗಳು. ಕಾರಿನ ಛಾವಣಿ? ಅದನ್ನು ನಾವೇ ಖುಷಿಯಿಂದ ಮಡಚಿ ಹಿಂದೆ ಇಟ್ಟಿದ್ದೆವು!

"ಮೋಳೇ, ವಂಡಿಗೆ ಚೂಡು ಹತ್ತದೆ ಕಣೇ," ಅಂದರು ಅತ್ತೆ. (ಗಡಿಯ ನಮ್ಮ ಮನೆಗಳಲ್ಲಿ ಮಗಳು ಮೋಳೆಯಾಗಿ, ಗಾಡಿ ವಂಡಿಯಾಗಿ, ಬಿಸಿ ಚೂಡಾಗಿ ಬಹಳ ಕಾಲವಾಯಿತು.)

ಅಷ್ಟರಲ್ಲಿ ಫಾರೆಸ್ಟ್ ಜೀಪು ಬಂತು. ಇಲ್ಲಿ ಗಾಡಿ ನಿಲ್ಲಿಸಬಾರದು, ಬೋರ್ಡ್ ಕಾಣಲಿಲ್ಲವೇ ಎಂದು ಗಾರ್ಡ್ ಮಲಯಾಳದಲ್ಲಿ ಗದರಿದರು. ನನಗೆ ಕಂಡಿತ್ತು, ಇಂಜಿನ್ನಿಗೆ ಓದಲು ಬರುವುದಿಲ್ಲ ಎನ್ನಬೇಕೆನಿಸಿತು. ಪುಣ್ಯಾತ್ಮರು ಹಗ್ಗ ಕಟ್ಟಿ ಚೆಕ್‌ಪೋಸ್ಟಿನವರೆಗೆ ಎಳೆದು ತಂದರು. ದಾರಿಯುದ್ದಕ್ಕೂ ಅತ್ತೆ ಹಿಂದೆ ತಿರುಗಿ ಕಾಡನ್ನೇ ನೋಡುತ್ತಿದ್ದರು.

ಅದಕ್ಕೆ ಕಾರಣವಿತ್ತು. ಅತ್ತೆಯ ಒಬ್ಬರೇ ಅಕ್ಕ ಕಾಡಿನ ಆಚೆ, ಗುಂಡ್ಲುಪೇಟೆ ದಾಟಿದ ಮೇಲೆ ಸಿಗುವ ಹಳ್ಳಿಯಲ್ಲಿದ್ದಾರೆ. ಅತ್ತೆಗೆ ಬಸ್ಸು ಹತ್ತಿದರೆ ವಾಂತಿ. ಜೀಪಿನಲ್ಲೂ ವಾಂತಿ. ಗಾಜು ಇಳಿಸಿದ ಕಾರಿನಲ್ಲೂ ಹೊಟ್ಟೆ ತೊಳಸುತ್ತದೆ. ಹೀಗಾಗಿ ಅಕ್ಕತಂಗಿಯರು ಮುಖ ನೋಡಿ ವರ್ಷಗಳೇ ಆಗಿದ್ದವು. ಮಾತೆಲ್ಲ ಫೋನಿನಲ್ಲೇ. ಅದೂ ಕಾಡಂಚಿನ ಸಿಗ್ನಲ್ ದಯೆ ತೋರಿದರೆ!

ಎಸ್ಟೇಟ್ ಒಂದರ ಮ್ಯಾನೇಜರ್ ಊರು ಬಿಡುವಾಗ ಈ ಕಾರನ್ನು ಅಗ್ಗಕ್ಕೆ ಮಾರಿದರು. ನನ್ನ ಬಹುದಿನದ ಹುಚ್ಚು, ತಗೊಂಡೆ. ನಮ್ಮೂರು ಕಲ್ಲೂರಿನಲ್ಲಿ ಒಂದು ಸುತ್ತು ಹೋಗೋಣವೆಂದು ಅತ್ತೆಯನ್ನು ತಮಾಷೆಗೆ ಕೂರಿಸಿದೆ. ತಲೆ ಮೇಲೆ ಆಕಾಶ, ಮುಖಕ್ಕೆ ಗಾಳಿ. ವಾಪಸ್ ಬಂದ ಮೇಲೆ ಅತ್ತೆ ಇಳಿಯಲೇ ಇಲ್ಲ. "ಹೊಟ್ಟೆ ತಣ್ಣಗದೆ ಮೋಳೇ. ಅಕ್ಕನ ಮನೆಗ್ ಓಗುಮಾ?" ಎಂದರು. ಆ ದಿನ ಅವರ ಮುಖ ನೋಡಬೇಕಿತ್ತು ನೀವು.

ಈಗ ಆ ಕಾರು ಹಗ್ಗ ಕಟ್ಟಿಸಿಕೊಂಡು ಮನೆಗೆ ಬಂತು.

ಶುರುವಾಯಿತು ನೋಡಿ ತಜ್ಞರ ಸಭೆ. ಪಕ್ಕದ ಮನೆಯವರು ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಎಂದರು. ಹಾಲಿನ ಸೊಸೈಟಿಯ ಮುಂದೆ ಸಿಕ್ಕವರೊಬ್ಬರು ಕೆಂಪು ಬಣ್ಣವೇ ಬಿಸಿಲು ಹೀರುತ್ತದೆ ಎಂದರು. (ನಾನು ನಗಲಿಲ್ಲ. ಅವರು ಗಂಭೀರವಾಗಿದ್ದರು.) ಮೆಕ್ಯಾನಿಕ್ ಶಾಜಿ ಬಾನೆಟ್ ಎತ್ತಿ, ಒಂದು ನಿಮಿಷವೂ ನೋಡದೆ, "ಚೇಚೀ, ಹೆಡ್ ಗ್ಯಾಸ್ಕೆಟ್ ಪೋಯಿ. ಇಂಜಿನ್ ಬಿಚ್ಚಬೇಕು," ಎಂದ. (ಚೇಚಿ ಅಂದರೆ ಅಕ್ಕ, ಪೋಯಿ ಅಂದರೆ ಹೋಯಿತು.) ನನ್ನ ಯಜಮಾನರು ಮಹೇಶ್ ಇವರೆಲ್ಲರಿಗಿಂತ ಫಾಸ್ಟ್. ಬಿಡಿಭಾಗಕ್ಕೆ ಹಳೇ ಕಾರು ಕೊಳ್ಳುವವನಿಗೆ ಫೋನ್ ಮಾಡಿ, ಭಾನುವಾರ ಬಾ ಎಂದೇಬಿಟ್ಟರು.

"ಅಮ್ಮನನ್ನ ಆನೆ ಮುಂದೆ ನಿಲ್ಲಿಸೋ ಕಾರು ನಮಗೆ ಬೇಡ," ಎಂದರು. ಅವರ ಭಯ ಸುಳ್ಳಲ್ಲ.

ಆದರೆ ನಾನು ಪಕ್ಕದ ಬತ್ತೇರಿ ಪೇಟೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಟೆಸ್ಟೇ ಮಾಡದೆ ಕಾಯಿಲೆಗೆ ಹೆಸರಿಟ್ಟರೆ ನನಗೆ ಮೈ ಉರಿಯುತ್ತದೆ. ಜ್ವರ ಬಂದವರನ್ನು ಡಾಕ್ಟರ್ ಮೊದಲು ಕೇಳುವುದೇನು? ಯಾವಾಗ ಬರುತ್ತೆ, ಬೆಳಗ್ಗೆಯೋ ಸಂಜೆಯೋ ಎಂದು. ಕಾರಿಗೆ ಜ್ವರ ಯಾವಾಗ ಬರುತ್ತದೆಂದು ಈ ತಜ್ಞರಲ್ಲಿ ಒಬ್ಬರಾದರೂ ಕೇಳಿದರೇ?

ಶನಿವಾರ ಬೆಳಗ್ಗೆ ನಾನೇ ಕೂತೆ. ಮೊದಲು ಶಾಜಿಯ ಗ್ಯಾಸ್ಕೆಟ್. ಅದು ಹೋಗಿದ್ದರೆ ಆಯಿಲಿಗೆ ನೀರು ಬೆರೆತು ಹಾಲು ಹಾಕಿದ ಚಹಾದ ಹಾಗೆ ಮಸುಕಾಗಬಹುದು. ಸೈಲೆನ್ಸರ್ ಬಿಳಿ ಹೊಗೆ ಉಗುಳಬಹುದು. ಆಯಿಲ್ ಕಡ್ಡಿ ಎಳೆದು ನೋಡಿದೆ. ಜೇನಿನಂತೆ ಸ್ವಚ್ಛ. ಹೊಗೆಯೂ ಇಲ್ಲ. ರೇಡಿಯೇಟರಿಗೆ ಹಿಂದಿನ ದಿನ ತುಂಬಿದ ನೀರು ತುಂಬಿದಷ್ಟೇ ಇತ್ತು, ಎಲ್ಲೂ ಸೋರಿಲ್ಲ.

ಆಮೇಲೆ ಹೈವೇಗೆ ಇಳಿದೆ. ಖಾಲಿ ರಸ್ತೆಯಲ್ಲಿ ಜೋರಾಗಿ ಹೋದರೆ ಮುಳ್ಳು ನಡುವೆಯೇ ನಿಂತಿತು, ಮಹಾ ಸಭ್ಯ. ಪೇಟೆಯ ಟ್ರಾಫಿಕ್ಕಿನಲ್ಲಿ ತೆವಳಿದೆ, ಮೇಲೇರಿತು. ಓಹೋ! ಕಾಡಿನ ದಾರಿಯಲ್ಲೂ ಹಂಪ್ ಮೇಲೆ ಹಂಪ್, ಅಲ್ಲೂ ತೆವಳಿದ್ದೇ. ನಿಧಾನವಾದರೆ ಜ್ವರ. ಗುಟ್ಟು ಅರ್ಧ ಬಿಟ್ಟುಕೊಟ್ಟಿತು.

ಅಂಗಳಕ್ಕೆ ಬಂದು, ಇಂಜಿನ್ ಆಫ್ ಮಾಡದೆ ಕಾರು ನಿಲ್ಲಿಸಿದೆ. ಮುಳ್ಳು ಕಾಯುವ ಡ್ಯೂಟಿ ಅತ್ತೆಯದು. ಸ್ವಲ್ಪ ಹೊತ್ತಿಗೆ ರೇಡಿಯೇಟರಿನ ಹಿಂದಿನ ಫ್ಯಾನ್ ಗುರ್ರೆಂದಿತು. ಇನ್ನು ಬಿಸಿ ಇಳಿಯಬೇಕು ತಾನೇ?

"ಮೋಳೇ, ಇಳೀತಿಲ್ಲ! ಮ್ಯಾಕ್ಕೇ ಓಯ್ತದೆ!" ಎಂದು ಅತ್ತೆ ಕೂಗಿದರು.

ಫ್ಯಾನ್ ಬಂದ ಮೇಲೂ ಬಿಸಿ ಏರುತ್ತಿದೆ! ನಾನು ಕಾರಿನ ಮೂತಿಯ ಮುಂದೆ ನಿಂತೆ. ಮೊಣಕಾಲಿಗೆ ಒಲೆಯ ಮುಂದೆ ನಿಂತಂತೆ ಬಿಸಿಗಾಳಿ ಬಡಿಯಿತು. ಗಾಳಿ ಹೊರಗೆ ಯಾಕೆ ಬರಬೇಕು? ಫ್ಯಾನಿನ ಕೆಲಸ ಎದುರಿನ ತಣ್ಣನೆ ಗಾಳಿಯನ್ನು ಒಳಗೆ ಎಳೆಯುವುದಲ್ಲವೇ? ಮೈಸೂರು ಬಸ್ಸಿನಲ್ಲಿ ಬಂದ ಪೇಪರಿನ ಒಂದು ಹಾಳೆ ತಂದು ಗ್ರಿಲ್ಲಿಗೆ ಹಿಡಿದೆ. ಅದು ಗ್ರಿಲ್ಲಿಗೆ ಅಂಟಿಕೊಳ್ಳಬೇಕಿತ್ತು. ಪಟಪಟ ಹೊಡೆದುಕೊಂಡು ಹಾರಿಹೋಗಿ ದಾಸವಾಳದ ಗಿಡಕ್ಕೆ ಸಿಕ್ಕಿಕೊಂಡಿತು. (ಅದರಲ್ಲಿದ್ದದ್ದು ಆ ಪೇಪರಿಗೆ ನಾನು ಬರೆಯುವ ಇದೇ ಅಂಕಣ. ಇರಲಿ ಬಿಡಿ.)

ಫ್ಯಾನ್ ಉಲ್ಟಾ ತಿರುಗುತ್ತಿತ್ತು! ಇಂಜಿನ್ನಿನ ಬಿಸಿಯನ್ನೇ ರೇಡಿಯೇಟರಿನ ಮೇಲೆ ಊದುತ್ತಿತ್ತು. ಜೋರಾಗಿ ಹೋಗುವಾಗ ಎದುರುಗಾಳಿಯೇ ಸಾಕು, ಫ್ಯಾನ್ ಬೇಕಿಲ್ಲ. ನಿಧಾನವಾದಾಗ ಕಾಪಾಡಬೇಕಾದ ಫ್ಯಾನೇ ಕಾರನ್ನು ಬೇಯಿಸುತ್ತಿತ್ತು.

ಇಂಜಿನ್ ಆಫ್ ಮಾಡಿ, ಬ್ಯಾಟರಿ ಕಳಚಿ, ತಣ್ಣಗಾದ ಮೇಲೆ ನೋಡಿದೆ. ಫ್ಯಾನಿಗೆ ಹೋಗುವುದು ಎರಡೇ ವೈರು. ಅದರದನ್ನು ಇದಕ್ಕೆ, ಇದರದನ್ನು ಅದಕ್ಕೆ. ಅಷ್ಟೇ ರಿಪೇರಿ. ಮತ್ತೆ ಸ್ಟಾರ್ಟ್ ಮಾಡಿ ಕಾದೆವು. ಫ್ಯಾನ್ ಗುರ್ರೆಂದಿತು. ಇನ್ನೊಂದು ಹಾಳೆ ಹಿಡಿದೆ. ಚಟ್ಟೆಂದು ಗ್ರಿಲ್ಲಿಗೆ ಅಂಟಿತು!

"ಇಳೀತಾ ಅದೆ! ಇಳೀತಾ ಅದೆ ಮೋಳೇ!" ಅತ್ತೆ ಸೀಟಿನಲ್ಲೇ ಎದ್ದು ನಿಂತು ಕೂಗಿದರು. ಎದುರು ಗದ್ದೆಯಲ್ಲಿದ್ದವರು ಯಾರಿಗೋ ಏನೋ ಆಯಿತೆಂದು ಓಡಿ ಬಂದರು.

ಶಾಜಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಚೇಚೀ, ಕಾರು ಬಂದ ವಾರ ಆ ಫ್ಯಾನ್ ಮೋಟರ್ ಬದಲಾಯಿಸಿದ್ದು ಞಾನ್ ತನ್ನೆ," ಎಂದ. ನಾನೇ ಎಂದು ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು. ಸಂಜೆಯೇ ಬಂದು ವೈರುಗಳನ್ನು ಭದ್ರ ಮಾಡಿಕೊಟ್ಟು, ನಕ್ಕು ಹೋದ.

ಭಾನುವಾರ ಬಿಡಿಭಾಗದವನು ಟೆಂಪೊ ಸಮೇತ ಬಂದ. ಅತ್ತೆ ಆಗಲೇ ಸ್ಕಾರ್ಫ್ ಕಟ್ಟಿ ಕಾರಿನಲ್ಲಿ ಕೂತಿದ್ದರು. "ಈ ವಂಡಿ ಮಾರಾಕಿಲ್ಲ. ಗೇಟಿಂದ ನಿನ್ ವಂಡಿ ತೆಗಿ, ನಾವ್ ಓಗ್ಬೇಕು," ಎಂದರು. ಮಹೇಶ್ ನನ್ನ ಮುಖ ನೋಡಿದರು. ನಾನು ಗ್ರಿಲ್ಲಿಗೆ ಹಾಳೆ ಅಂಟಿಸಿ ತೋರಿಸಿದೆ. ಟೆಂಪೊ ಬದಿಗೆ ಸರಿಸಲು ಅವರೇ ಕೈ ಬೀಸಿದರು.

ಚೆಕ್‌ಪೋಸ್ಟಿನಲ್ಲಿ ಉದ್ದದ ಕ್ಯೂ. ಮುಳ್ಳು ಏರಿತು. ಫ್ಯಾನ್ ಶುರುವಾಯಿತು, ಮುಳ್ಳು ವಿಧೇಯವಾಗಿ ಇಳಿಯಿತು. ಹಂಪ್ ಮೇಲೆ ಹಂಪ್ ದಾಟಿದೆವು. ಕಾಡಿನ ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಅತ್ತೆ ಯಾವುದೋ ಹಸೆ ಹಾಡು ಹೇಳುತ್ತಿದ್ದರು. ನಡುವೆ ಒಂದೇ ಒಂದು ಸಲವೂ ಹೊಟ್ಟೆ ಹಿಡಿದುಕೊಳ್ಳಲಿಲ್ಲ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದರು. ಇಬ್ಬರೂ ಒಬ್ಬರ ಕೆನ್ನೆ ಒಬ್ಬರು ಸವರಿ ಅತ್ತರು, ಆಮೇಲೆ ನಕ್ಕರು. ಆಮೇಲೆ ಅಕ್ಕ ಕಾರನ್ನು ಒಂದು ಸುತ್ತು ಹಾಕಿ, ಬಾಗಿಲು ತೆಗೆದು, ಸ್ಟೇರಿಂಗ್ ಮುಂದೆ ಕೂತೇಬಿಟ್ಟರು. ಪಕ್ಕದಲ್ಲಿ ತಂಗಿ. "ಊರೊಳಗೊಂದು ಸುತ್ತು ಕರ್ಕೊಂಡು ಓಗವ್ವ," ಎಂದು ನನಗೆ ಅಪ್ಪಣೆಯಾಯಿತು.

ಕಾರಿನಲ್ಲಿರುವುದೇ ಎರಡು ಸೀಟು, ಇಬ್ಬರೂ ಇಳಿಯಲು ಒಲ್ಲರು. ಈಗ ನೀವೇ ಹೇಳಿ, ನಾನು ಕೂರುವುದೆಲ್ಲಿ?