ಜೋಕಾಲಿ ಕಟ್ಟಿದ ಟೊಂಗೆ

ಜುಲೈ ಮೂವತ್ತು, ಶನಿವಾರ, ಮಧ್ಯಾಹ್ನ ಮೂರೂವರೆ. ನಮ್ಮ ಜೋಕಾಲಿಯ ಕೆಲಸ ಶುರುವಾದ ಹೊತ್ತು ನನ್ನ ದಿನಚರಿಯಲ್ಲಿ ಹೀಗಿದೆ. ಆಗ ನಾನು ಎಂಟನೇ ತರಗತಿ. ಆ ದಿನಗಳಲ್ಲಿ ನಾಗರ ಪಂಚಮಿ ಬಂತೆಂದರೆ ರಾಣೇಬೆನ್ನೂರಿನಿಂದ ಹಲಗೇರಿಯ ಅಜ್ಜಿಯ ಮನೆಗೆ ಹೋಗುವುದು, ಹುರಿದ ಎಳ್ಳು, ಕಾಯಿಸಿದ ಬೆಲ್ಲದ ವಾಸನೆ ಕುಡಿಯುತ್ತ ಬೇವಿನ ಮರದ ಜೋಕಾಲಿಗೆ ಸರದಿ ಕಾಯುವುದು. ಆ ವರ್ಷ ಮಾತ್ರ ರಸ್ತೆ ಅಗಲ ಮಾಡಲು ಹಬ್ಬದ ಮರುವಾರವೇ ಮರ ಕಡಿಯುತ್ತಾರೆಂದು ಗೊತ್ತಾಗಿತ್ತು.

ಅಜ್ಜಿಯ ಪಕ್ಕದ ಮನೆಯ ನಸೀಮಾ ಮತ್ತು ನಾನು ಆಗಷ್ಟೇ ಕೋಡ್ ಬರೆದು ಪರದೆಯ ಮೇಲೆ ಚೆಂಡು ಪುಟಿಸಲು ಕಲಿತಿದ್ದೆವು. ಅವಳ ಅಣ್ಣನ ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಜೋಕಾಲಿಯನ್ನು ಇದ್ದಂತೆಯೇ ಆಡಿಸಬೇಕೆಂದು ಹಟ ತೊಟ್ಟೆವು. ಮರ ಹೋದರೆ ಸರಿಯೋ ತಪ್ಪೋ ಎಂದು ಹೋಲಿಸಲು ಏನೂ ಉಳಿಯುತ್ತಿರಲಿಲ್ಲ. ಹಗ್ಗ ಅಳೆದೆವು. ಹೋಗಿ ಬರಲು ಎಷ್ಟು ಹೊತ್ತೆಂದು ನಸೀಮಾ ಮೊಬೈಲಿನಲ್ಲಿ ನೋಡಿ ಕೂಗಿದಳು, ನಾನು ಬರೆದುಕೊಂಡೆ.

ನಮ್ಮ ಮೊದಲ ಜೋಕಾಲಿ ಯಾರೂ ಜೀಕದಿದ್ದರೂ ಪ್ರತಿ ಸಲ ಇನ್ನಷ್ಟು ಮೇಲೇರಿ, ಕೊನೆಗೆ ಟೊಂಗೆಯನ್ನೇ ಸುತ್ತು ಹಾಕಿತು.

“ಇದರ ಮ್ಯಾಲೆ ಕುಂತ್ರ ಸೀದಾ ಕಾಗಿನೆಲಿಗೇ ಹೋಗಿ ಬೀಳ್ತೇವಿ ನೋಡ್ಲೇ,” ಅಂದಳು ನಸೀಮಾ.

ಸೋಮವಾರ ಸಂಜೆ ತಪ್ಪು ಸಿಕ್ಕಿತು. ಮೊದಲು ಜಾಗ, ಆಮೇಲೆ ವೇಗ ಬದಲಿಸುತ್ತಿದ್ದೆವು. ವೇಗವನ್ನು ಮೊದಲು ಬದಲಿಸಿ, ಆ ಹೊಸ ವೇಗದಿಂದ ಜಾಗ ಲೆಕ್ಕ ಹಾಕಿದೆವು. ಎರಡು ಸಾಲು ಮೇಲೆ ಕೆಳಗೆ ಮಾಡಿದ್ದಷ್ಟೇ, ಜೋಕಾಲಿ ಹದಕ್ಕೆ ಬಂತು. ಗಾಳಿಯ ತಡೆ ಸೇರಿಸಿದ ಮೇಲೆ ಮೆಲ್ಲಗೆ ನಿಲ್ಲಲೂ ಕಲಿಯಿತು. ಹಬ್ಬದ ದಿನ ಮರದ ಜೋಕಾಲಿಯೂ ನಮ್ಮದೂ ಒಟ್ಟಿಗೇ ಹೋಗಿ ಬಂದವು. ಗೆದ್ದೆವು ಅಂದುಕೊಂಡೆವು.

ಮರ ಕಡಿದ ಮೇಲೆ ಒಂದು ದಿನ ಅಜ್ಜಿಗೆ ತೋರಿಸಿದೆವು.

“ಚಲೋ ಮಾಡೀರಿ. ಆದ್ರ ಟೊಂಗಿ ಯಾಕ ಹಿಂಗ ಸೆಟದು ನಿಂತೈತಿ? ನೀವು ಉಂಡಿ ತಿಂದು ಬಂದು ಕುಂತ್ರ ಪಾಪ, ಕಿರ್ ಅಂತ ಬಾಗ್ತಿತ್ತಲ್ಲ.”

ನಸೀಮಾ ನಕ್ಕಳು. ನಾನು ದಿನಚರಿ ತೆರೆದೆ. ಟೊಂಗೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕೋಡಿನಲ್ಲಿ ಅದನ್ನು ನಾವು ಗೋಡೆಗೆ ಬಡಿದ, ಅಲುಗದ ಮೊಳೆಯಂತೆ ಬರೆದಿದ್ದೆವು. ಕೆಳಗೆ ಬರುವಾಗ ಅದು ಬಾಗುತ್ತಿತ್ತು, ಮೇಲೆ ಹೋಗುವಾಗ ನಮ್ಮನ್ನು ಎತ್ತುತ್ತಿತ್ತು. ಹೊಟ್ಟೆಯಲ್ಲಿ ಜುಮ್ಮೆನ್ನುತ್ತಿದ್ದದ್ದು ಅಲ್ಲೇ.

ಬಾಗುವ ಟೊಂಗೆಗೆ ಕೋಡ್ ಬರೆಯಲು ಈಗ ನನಗೆ ಬರುತ್ತದೆ. ಎಷ್ಟು ಬಾಗಬೇಕೆಂಬುದು ಮಾತ್ರ ಗೊತ್ತಿಲ್ಲ. ಅಂದಾಜಿಗೆ ಒಂದು ಅಂಕಿ ಹಾಕಿದರೆ ಅದು ಬೇರೆ ಯಾವುದೋ ಮರವಾಗುತ್ತದೆ. ನಸೀಮಾ ಈಗ ಬ್ಯಾಡಗಿಯಲ್ಲಿದ್ದಾಳೆ. ಆ ಹಬ್ಬದಲ್ಲಿ ಅವಳು ಮೊಬೈಲಿನಲ್ಲಿ ಮಾಡಿದ್ದ ವಿಡಿಯೋದಲ್ಲಿ ನಮ್ಮ ಕಾಲುಗಳಷ್ಟೇ ಇವೆ. ಹಲಗೇರಿಯ ಆ ಜೋಕಾಲಿಯನ್ನು ಯಾರಾದರೂ ವಿಡಿಯೋ ಮಾಡಿದ್ದರೆ, ಅದರಲ್ಲಿ ಟೊಂಗೆ ಕಾಣುತ್ತಿದ್ದರೆ, ದಯವಿಟ್ಟು ನನಗೆ ಬರೆಯಿರಿ.