ಬಾಗಿಲಿಗೆ ಕಟ್ಟಿದ ಮೂರು ಚೀಟಿ

ಬಾಯಿ ಬಿಟ್ಟು ಹೇಳಬೇಕಾದ ಒಂದು ಸುದ್ದಿಯನ್ನು ಹನ್ನೆರಡು ದಿನ ಬಚ್ಚಿಟ್ಟುಕೊಂಡದ್ದಕ್ಕೆ ನಾನು ತೆತ್ತದ್ದು ಹೆಂಡತಿಯ ಒಂದು ವರ್ಷದ ಮಾತು. ತಟ್ಟೆ ಇಡುತ್ತಿದ್ದಳು, ನೀರು ಇಡುತ್ತಿದ್ದಳು, ತುಟಿ ಬಿಚ್ಚುತ್ತಿರಲಿಲ್ಲ. ದುಬಾರಿಯಾಯಿತು ಅನ್ನಲಾರೆ. ಅದೇ ಸುದ್ದಿಗೆ ಅರಕಲಗೂಡಿನ ಇನ್ನೊಂದು ಮನೆ ತೆತ್ತದ್ದನ್ನು ನೋಡಿದವನು ನಾನು.

ಐವತ್ತರ ದಶಕದ ಕೊನೆ. ನಾನಾಗ ಎತ್ತಿನ ದಳ್ಳಾಳಿ. ಮನೆ ಹೊಳೆನರಸೀಪುರದ ಹತ್ತಿರ. ಚನ್ನರಾಯಪಟ್ಟಣ, ಅರಕಲಗೂಡು, ಹಾಸನ ಎಂದು ಸಂತೆಯಿಂದ ಸಂತೆಗೆ ತಿರುಗಾಟ. ಕೂಲಿಗೆ ದನ ಕಾಯುತ್ತಿದ್ದವನು ಟವೆಲಿನಡಿ ಬೆರಳು ಹಿಡಿದು ಬೆಲೆ ಕಟ್ಟುವ ಮಟ್ಟಕ್ಕೆ ಬಂದಿದ್ದೆ. ಬಾಯಲ್ಲಿ ಬೆಲೆ ಹೇಳದೆ ಬೆರಳಲ್ಲೇ ಮುಗಿಸುವುದು ನಮ್ಮ ಕಸುಬಿನ ಪದ್ಧತಿ. ಮಾತೇ ಆಡದೆ ಏನನ್ನಾದರೂ ಕುದುರಿಸಬಹುದೆಂಬ ಭ್ರಮೆ ನನಗೆ ಹತ್ತಿದ್ದು ಅಲ್ಲಿಂದಲೇ.

ಅರಕಲಗೂಡಿಗೆ ಹೋದಾಗ ಒಬ್ಬಳ ಮನೆಯಲ್ಲಿ ಉಳಿಯುತ್ತಿದ್ದೆ. ಕಾಫಿ ತೋಟದ ಕೂಲಿಗೆ ಹೋದ ಅವಳ ಗಂಡ ತಿರುಗಿ ಬಂದಿರಲಿಲ್ಲ. ಇಡ್ಲಿ ಮಾರಿ ಬದುಕುತ್ತಿದ್ದಳು. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗೊಂದು ಹುಣ್ಣಾಯಿತು. ನೋಯಲಿಲ್ಲ, ತಾನೇ ಮಾಯಿತು. ಗೆದ್ದೆ ಅಂದುಕೊಂಡೆ. ಕೆಲವು ವಾರ ಕಳೆದು ಅಂಗೈ ತುಂಬ ತಾಮ್ರದ ಬಣ್ಣದ ಕಲೆ ಎದ್ದವು. ತುರಿಕೆಯಿಲ್ಲ, ಉರಿಯಿಲ್ಲ, ಯಾರೋ ಒಳಗಿನಿಂದ ಬೆರಳೊತ್ತಿ ಗುರುತು ಮಾಡಿದ ಹಾಗೆ.

ಹಾಸನದ ಆಸ್ಪತ್ರೆಯ ಡಾಕ್ಟರು ರಕ್ತ ನೋಡಿ, ಪರಂಗಿ ರೋಗ, ಅಂದರೆ ಸಿಫಿಲಿಸ್, ಪೆನಿಸಿಲಿನ್ ಸೂಜಿಗೆ ಹೋಗುತ್ತದೆ ಎಂದರು. ಯಾರ ಯಾರ ಜೊತೆ ಎಂದು ಕೇಳಿದರು. ಹೇಳಿದೆ. ಹೆಂಡತಿ ಐದು ತಿಂಗಳ ಬಸುರಿ ಎಂದಾಗ ಅವರ ಪೆನ್ನು ನಿಂತಿತು.

ಎರಡು ಚೀಟಿ ಬರೆದುಕೊಟ್ಟರು. ಹೆಸರಿಲ್ಲ, ರೋಗದ ಸುದ್ದಿಯಿಲ್ಲ, ಆಸ್ಪತ್ರೆಯ ಪುಸ್ತಕದಲ್ಲಿನ ನನ್ನ ನಂಬರು ಮಾತ್ರ. "ಇದನ್ನು ತಂದವರಿಗೆ ಏನೂ ಕೇಳದೆ ಔಷಧಿ ಕೊಡುತ್ತೇವೆ. ಕೈಗೆ ಕೊಟ್ಟು ವಿಷಯ ಹೇಳು. ತಡವಾದರೆ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ."

"ಸಾ, ನಮ್ಮನೆಯೋಳ ಪಾಲಿನ್ ಸೂಜೀನೂ ನಂಗೇ ಚುಚ್ಬುಡಿ. ಎಲ್ಡರಷ್ಟು ತಡ್ಕತೀನಿ."

"ನಿನ್ನ ಎತ್ತಿಗೆ ಹುಲ್ಲು ಹಾಕಿದರೆ ಪಕ್ಕದ ಕೊಟ್ಟಿಗೆ ಎತ್ತಿನ ಹೊಟ್ಟೆ ತುಂಬುತ್ತೇನಯ್ಯಾ?"

ಅರಕಲಗೂಡಿನ ಚೀಟಿಯನ್ನು ಅವಳು ನೀರಿಗೆ ಹೋದ ಹೊತ್ತು ನೋಡಿ ಬಾಗಿಲಡಿ ತೂರಿಸಿ ಬಂದೆ. ಮನೆಯ ಚೀಟಿ ನನ್ನ ಜೇಬಿನಲ್ಲೇ ಉಳಿಯಿತು. ಅಷ್ಟರಲ್ಲಿ ಹೆಂಡತಿಯ ಅಂಗೈಯಲ್ಲೂ ಕಲೆ ಎದ್ದಿದ್ದವು. ಗಾಳಿ ಸೋಕಿದೆ ಎಂದು ನನ್ನ ತಾಯಿ ನಿವಾಳಿಸಿದರು. ಮುದ್ದೆ ಇಡಲು ಆ ಕೈ ಮುಂದೆ ಬಂದಾಗಲೆಲ್ಲ ತಟ್ಟೆ ನೋಡುತ್ತಿದ್ದೆ.

ಹನ್ನೆರಡನೆಯ ದಿನ ಸೂಜಿಗೆ ಹೋದಾಗ ಡಾಕ್ಟರು, "ನಿನ್ನ ನಂಬರಿನ ಚೀಟಿ ಒಂದೂ ಬಂದಿಲ್ಲ" ಎಂದರು. ಅಲ್ಲಿಂದಲೇ ಅರಕಲಗೂಡಿನ ಬಸ್ಸು ಹತ್ತಿದೆ.

ಮಟಮಟ ಮಧ್ಯಾಹ್ನ. ಅವಳ ಮನೆ ಬಂದೊಡನೆ ಜನ ಬೀದಿಯ ಆಚೆ ಬದಿಗೆ ಸರಿದು ನಡೆಯುತ್ತಿದ್ದರು. ಬಾಗಿಲ ಚೌಕಟ್ಟಿಗೆ ಕರಿದಾರದಲ್ಲಿ ಇದ್ದಿಲು, ಮೆಣಸಿನಕಾಯಿ, ಅವುಗಳ ನಡುವೆ ನನ್ನ ಚೀಟಿ. ಅದರ ಪಕ್ಕ ಇನ್ನೆರಡು ಚೀಟಿ, ಹಳದಿಗಟ್ಟಿದವು. ಬೇರೆ ಬೇರೆ ನಂಬರು. ಬರಹ ಒಂದೇ ಕೈಯದು, ಹಾಸನದ ಡಾಕ್ಟರದು. ಗಾಳಿಯೇ ಇರಲಿಲ್ಲ, ಮೂರೂ ಮೆಲ್ಲಗೆ ತಿರುಗುತ್ತಿದ್ದವು. ಒಳಗಿನಿಂದ ಸಣ್ಣ ಸಿಳ್ಳೆಯಂಥ ಸದ್ದು, ನಿಂತು ನಿಂತು.

"ಮುಟ್ಬ್ಯಾಡಿ ಗೌಡ್ರೇ! ಯಾರೋ ಮಾಟ ಮಾಡವ್ರೆ" ಎಂದು ಅವಳು ಓಡಿ ಬಂದಳು. "ಬಾಗ್ಲಡಿ ತೂರಿಸ್ಬುಟ್ಟು ಓಯ್ತಾರೆ. ಓದೋಕ್ ಬರೋರ್ಗೆ ತೋರಿಸ್ದೆ. ಬರೀ ಅಂಕಿ ಅದೆ, ಎಸ್ರೇ ಇಲ್ಲ, ಇದು ಮಾಟ್ದೋರ ಕೆಲ್ಸವೇ ಅಂದ್ರು. ಅದ್ಕೇ ಒಳೀಕ್ ಬರ್ದಂಗೆ ಕಟ್ಟಿವ್ನಿ."

"ಮೊದಲ್ನೇದು ಯಾವಾಗ್ ಬಂತು?"

"ಇದು ಒಟ್ಟೇಲಿದ್ದಾಗ" ಎಂದು ತೊಟ್ಟಿಲು ತೋರಿಸಿದಳು.

ಹಿಂದೆ ಉಳಿದಾಗ ಅವಳು ಬಸುರಿ, ಹೆತ್ತ ಮೇಲೆ ನಾನು ಒಳಗೆ ಕಾಲಿಟ್ಟಿರಲಿಲ್ಲ. ತೊಟ್ಟಿಲಿನೊಳಗೆ ನೋಡಿದೆ. ಎರಡು ತಿಂಗಳ ಕೂಸಿಗೆ ಎಂಬತ್ತು ವರ್ಷದ ಮುದುಕನ ಮುಖ. ಸಿಳ್ಳೆ ಅದರ ಮೂಗಿನಿಂದ ಬರುತ್ತಿತ್ತು. ಅಳುತ್ತಿರಲಿಲ್ಲ, ನನ್ನನ್ನು ಗೊತ್ತಿದ್ದವರ ಹಾಗೆ ನೋಡುತ್ತಿತ್ತು.

"ಮೂರ್ನೇ ಚೀಟಿ ನಂದು" ಎಂದೆ. ಮಾಟವಲ್ಲ, ಕಾಯಿಲೆ, ಹಾಸನದಲ್ಲಿ ಸೂಜಿ ಇದೆ, ಕೂಸಿಗೂ ಹಾಕಿಸು ಎಂದು ಎಲ್ಲ ಹೇಳಿದೆ.

ಅವಳು ಒಂದು ಥರ ನಕ್ಕಳು. "ಎತ್ತಿನ್ ಅಲ್ಲು ನೋಡಾಕೆ ಅದ್ರ ಬಾಯಿ ಬುಡಿಸ್ತೀರಲ್ಲ ಗೌಡ್ರೇ, ನಿಮ್ ಬಾಯಿ ಬುಡಿಸಾಕೆ ಯಾರ್ನ ಕರೀಬೇಕಿತ್ತು?" ಆಮೇಲೆ, "ಅವೆಲ್ಡು ಯಾರ್ದು?" ಎಂದಳು.

ನನಗೇನು ಗೊತ್ತು? ಆದರೆ ಅಂದಿನಿಂದ ಸಂತೆಯಲ್ಲಿ ಟವೆಲಿನಡಿ ಯಾರ ಕೈ ಹಿಡಿದರೂ, ಇವನೇನೋ ಎಂದು ಅಂಗೈ ತಡವಿದ್ದೇನೆ.

ಮನೆ ಹೊಕ್ಕಾಗ ಅದೇ ಸಿಳ್ಳೆ ಕೇಳಿ ಹೊಸ್ತಿಲಲ್ಲೇ ನಿಂತೆ. ಒಲೆಯಲ್ಲಿ ಹಸಿ ಸೌದೆ ಹಾಗೆ ಸಿಳ್ಳೆ ಹಾಕುತ್ತ ಉರಿಯುತ್ತಿತ್ತು. ಮುಂದೆ ಕೂತಿದ್ದ ಹೆಂಡತಿಗೆ ಚೀಟಿ ಕೊಟ್ಟು ಒಂದೇ ಉಸಿರಿಗೆ ಹೇಳಿದೆ.

"ಎಷ್ಟು ದಿಸ ಆಯ್ತು ಗೊತ್ತಾಗಿ?"

"ಅನ್ನೆಲ್ಡು."

ಮದುವೆಯಾದಂದಿನಿಂದ 'ನೀವು' ಅನ್ನುತ್ತಿದ್ದವಳು ಅಂದು, "ಅನ್ನೆಲ್ಡು ದಿಸ ಈ ಕೈಯ್ಯಾಗೇ ಉಂಡ್ಯಲ್ಲೋ ನೀನು" ಎಂದಳು. ಆಮೇಲಿನದು ನನ್ನೊಡನೆ ಮಾತಿಲ್ಲದ ಆ ಒಂದು ವರ್ಷ.

ಮಾರನೆಯ ದಿನವೇ ಹಾಸನಕ್ಕೆ ಹೋದೆವು. ಆಸ್ಪತ್ರೆಯ ಬೆಂಚಿನ ಮೇಲೆ ಅರಕಲಗೂಡಿನವಳು ಕೂಸಿನೊಂದಿಗೆ ಕೂತಿದ್ದಳು. ಕೈಯಲ್ಲಿ ಚೀಟಿ, ಕರಿದಾರ ಇನ್ನೂ ಅದಕ್ಕೇ ಅಂಟಿಕೊಂಡಿತ್ತು. ನನ್ನ ಹೆಂಡತಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಆ ಚೀಟಿ ನೋಡಿದಳು, ತನ್ನದನ್ನು ನೋಡಿದಳು. ಎರಡರಲ್ಲೂ ಒಂದೇ ನಂಬರು. ಹೆಂಡತಿ ಅವಳ ಪಕ್ಕದಲ್ಲಿ ಕೂತು, "ಕೊಡಿ ಇತ್ತಾಗೆ, ನೀವು ಸೂಜಿ ಆಕಿಸ್ಕಂಡು ಬನ್ನಿ" ಎಂದು ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಅದು ಅವಳ ಹೊಟ್ಟೆಗೆ ಕಿವಿಯಿಟ್ಟು ಸಿಳ್ಳೆ ಹಾಕುತ್ತ ಮಲಗಿತು.

ಆ ಕೂಸು ಆ ತಿಂಗಳು ದಾಟಲಿಲ್ಲ. ಅದರ ತಾಯಿಗೆ ವಾಸಿಯಾಯಿತು. ನಮಗೆ ಹೆಣ್ಣು ಹುಟ್ಟಿತು, ಬೀದಿಗೆಲ್ಲ ಕೇಳುವ ಹಾಗೆ ಅತ್ತಿತು.

ಇದನ್ನು ಓದುತ್ತಿರುವವರಿಗೆ ಇಂಥದೊಂದು ಸುದ್ದಿ ಹೇಳುವ ಪಾಳಿ ಬಂದರೆ, ಚೀಟಿಯನ್ನು ನಂಬಿ ಕೂರಬೇಡಿ. ಎದುರಿಗೆ ಕೂತು, ಕಾಯಿಲೆಯ ಹೆಸರಿಟ್ಟು ಹೇಳಿ. ವಾಸಿಯಾಗುತ್ತದೆ ಎಂಬುದನ್ನು ಅದರ ಜೊತೆಗೇ ಹೇಳಿ. ಯಾರಿಂದ ಯಾರಿಗೆ ಎಂಬ ಪಂಚಾಯಿತಿ ಅಂದು ಬೇಡ. ಬೈದರೆ ಬೈಸಿಕೊಳ್ಳಿ. ನಾಲಿಗೆ ಏಳುವುದೇ ಇಲ್ಲವೆಂದರೆ ನರ್ಸಮ್ಮನನ್ನು ಕೇಳಿಕೊಳ್ಳಿ, ಅವರು ಹೇಳುತ್ತಾರೆ. ಇಬ್ಬರಿಗೆ ಹೇಳಬೇಕಾಗಿದ್ದರೆ ಬಸುರಿಯ ಬಳಿಗೆ ಮೊದಲು ಹೋಗಿ, ಅವಳನ್ನು ಒಬ್ಬಳೇ ಕಳಿಸದೆ ಆಸ್ಪತ್ರೆಯ ತನಕ ಜೊತೆಗೆ ನಡೆಯಿರಿ.